ಕಾರಿನಡಿ ಎರಡು ಶನಿವಾರ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮವೇನೋ ಕರಗುತ್ತದೆ, ಅದರ ಜೊತೆಗೆ ಕಾರುಗಳ ತಳವೂ ಸವೆಯುತ್ತದೆ. ನಮ್ಮೂರು ರಾಣೆಬೆನ್ನೂರಿನಲ್ಲಿ ಹಳೇ ಅಂಬಾಸಿಡರ್ ಅಡಿಗೆ ನುಸುಳಿದರೆ ಸಿಗುವುದು ಧೂಳು ಮತ್ತು ಆಯಿಲ್. ಇಲ್ಲಿ ಹತ್ತು ವರ್ಷದ ಕಾರಿನಡಿಯಲ್ಲೇ ನಟ್ ಯಾವುದು, ತುಕ್ಕಿನ ಗಂಟು ಯಾವುದು ತಿಳಿಯುವುದಿಲ್ಲ. ಅಂಥ ಊರಲ್ಲಿ 1985ರ ಮಜ್ದಾ ಆರ್‌ಎಕ್ಸ್-7 ಇನ್ನೂ ಓಡುತ್ತಿದೆ ಎಂದರೆ ಯಾರೋ ಅದನ್ನು ಚಳಿಗಾಲದಲ್ಲಿ ಹೊರಗೆ ಬಿಡದೆ ಸಾಕಿದ್ದಾರೆ ಎಂದರ್ಥ.

ಸಾಕಿದವರು ನಾನು ಬಾಡಿಗೆಗಿರುವ ಮನೆಯ ಪಕ್ಕದ ಅಜ್ಜ. ಎಪ್ಪತ್ತು ದಾಟಿದೆ. ಹೆಸರು ಹಿಡಿದೇ ಕರಿ ಎಂದು ಎಷ್ಟು ಹೇಳಿದರೂ ನನ್ನ ಬಾಯಿಗೆ ಬರದು, 'ಸರ್' ಅಂತಲೇ ಕರೆಯುತ್ತೇನೆ. ಶೋರೂಮಿನಿಂದ ತಾವೇ ತಂದ ಆ ಕೆಂಪು ಕಾರನ್ನು ಕಾಲೇಜು ಸೇರಲಿರುವ ಮೊಮ್ಮಗನಿಗೆ ಕೊಡುವುದಾಗಿ ಅವರು ಮಾತು ಕೊಟ್ಟಿದ್ದರು. ಆದರೆ ಮೇ ತಿಂಗಳಿಂದ ಕಾರಿನಡಿ ತಗಡು ಗಡಗಡ ಅನ್ನಲು ಶುರುವಾಯಿತು. ಜೊತೆಗೆ ಅರ್ಧ ಗಂಟೆ ಓಡಿಸಿದರೆ ಒಳಗೆ ಬಟ್ಟೆ ಸುಟ್ಟ ವಾಸನೆ. ಗೇರ್ ಲಿವರ್ ಪಕ್ಕದ ಕಾರ್ಪೆಟ್ ಎತ್ತಿ ನೋಡಿದರೆ ಅಡಿಭಾಗ ದೋಸೆಯ ತಳದಂತೆ ಕಂದು ತಿರುಗಿತ್ತು.

ಎಂಜಿನ್ನಿನಿಂದ ಹಿಂದಕ್ಕೆ ಹೋಗುವ ಸೈಲೆನ್ಸರ್ ಪೈಪಿಗೂ ಕಾರಿನ ತಳಕ್ಕೂ ನಡುವೆ ಅರ್ಧ ಕೊಳವೆಯಂತೆ ಬಾಗಿದ ತಗಡೊಂದು ಇರುತ್ತದೆ. ಅದೇ ಹೀಟ್ ಶೀಲ್ಡ್. ಪೈಪಿನ ಕಾವು ಮೇಲಕ್ಕೆ ತಾಗದಂತೆ ತಡೆಯುವುದು ಅದರ ಕೆಲಸ. ಈ ಕಾರಿನಲ್ಲಿ ಅದು ತುಕ್ಕು ಹಿಡಿದು ಸಡಿಲವಾದಾಗ, ಹಿಂದೊಮ್ಮೆ ಯಾವುದೋ ವರ್ಕ್‌ಶಾಪಿನವರು ಎರಡೂ ಅಂಚಿನುದ್ದಕ್ಕೆ ಪೈಪಿಗೇ ವೆಲ್ಡ್ ಮಾಡಿಬಿಟ್ಟಿದ್ದರು. ಈಗ ಒಂದು ತುದಿಯ ಬೆಸುಗೆ ಬಿರುಕು ಬಿಟ್ಟು ತಗಡು ನೇತಾಡುತ್ತಿತ್ತು. ಇನ್ನೊಂದು ತುದಿ ಮೇಲಕ್ಕೆ ಬಾಗಿ ಕಾರಿನ ತಳಕ್ಕೆ ತಾಗಿಕೊಂಡಿತ್ತು. ಕಾವನ್ನು ತಡೆಯಬೇಕಾದ ತಗಡೇ ಅದನ್ನು ಒಳಗೆ ಸಾಗಿಸುತ್ತಿತ್ತು.

ಬೆಸುಗೆ ಯಾಕೆ ಬಿಟ್ಟಿತು ಎಂಬುದಕ್ಕೆ ಲೆಕ್ಕ ಸುಲಭ. ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಅರ್ಧ ಮೀಟರ್ ಪೈಪು 500 ಡಿಗ್ರಿ ಏರಿದರೆ ಮೂರು ಮಿಲಿಮೀಟರ್ ಬೆಳೆಯಿತು. ಗಾಳಿಗೆ ಒಡ್ಡಿಕೊಂಡ ತಗಡು 200 ಡಿಗ್ರಿ ಏರಿದರೆ ಒಂದು ಮಿಲಿಮೀಟರ್ ಚಿಲ್ಲರೆ ಅಷ್ಟೇ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಪ್ರತಿ ಸಲ ಕಾರು ಹೊರಟಾಗಲೂ ಎಳೆದಾಟ, ನಿಂತಾಗಲೂ ಎಳೆದಾಟ. ಹಾಗಾಗಿ ಅದನ್ನೇ ಮತ್ತೆ ವೆಲ್ಡ್ ಮಾಡಿಸುವುದರಲ್ಲಿ ಅರ್ಥವಿರಲಿಲ್ಲ.

ಅಜ್ಜ ಕೇಳಿದ ಒಂದು ಗ್ಯಾರೇಜಿನವರು 'ಕಿತ್ತು ಬಿಸಾಕಿ, ಸದ್ದು ನಿಲ್ಲುತ್ತದೆ' ಎಂದರಂತೆ. ಬೇರೆ ಕಾರಿಗೂ ಇದು ಒಳ್ಳೆಯ ಸಲಹೆಯಲ್ಲ, ಆರ್‌ಎಕ್ಸ್-7ಗಂತೂ ಅಲ್ಲವೇ ಅಲ್ಲ. ಇದರಲ್ಲಿರುವುದು ಪಿಸ್ಟನ್ ಎಂಜಿನ್ ಅಲ್ಲ, ವ್ಯಾಂಕೆಲ್ ರೋಟರಿ. ಮುಕ್ಕೋನದ ಎರಡು ರೋಟರ್‌ಗಳು ಮೊಟ್ಟೆಯಾಕಾರದ ಗೂಡಿನಲ್ಲಿ ಸುತ್ತುತ್ತವೆ. ಉರಿಯುವ ಜಾಗ ಉದ್ದವಾಗಿ, ಚಪ್ಪಟೆಯಾಗಿರುವುದರಿಂದ ಬೆಂಕಿ ಪೂರ್ತಿ ಹರಡಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹೊಗೆದಾರಿ ತೆರೆದುಕೊಂಡು ಇನ್ನೂ ಉರಿಯುತ್ತಿರುವ ಅನಿಲವೇ ಪೈಪಿಗೆ ನುಗ್ಗುತ್ತದೆ. ಅಮೆರಿಕಕ್ಕೆ ಬಂದ ಮೊದಲ ಆರ್‌ಎಕ್ಸ್-7ಗಳಲ್ಲಿ, ಅಂದರೆ 1980ರವರೆಗೆ, ಹೀಗೆ ಉಳಿದ ಇಂಧನವನ್ನು ಸುಡಲೆಂದೇ ಥರ್ಮಲ್ ರಿಯಾಕ್ಟರ್ ಇತ್ತು. ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಎರಡರಲ್ಲೂ ಕಾವು ಕಾವೇ. ಕನ್ವರ್ಟರನ್ನೂ ತೆಗೆದು ನೇರ ಪೈಪ್ ಹಾಕಿದರೆ ಸದ್ದು ಮಜವಾಗಿರುತ್ತದೆ ಎನ್ನುವ ಹುಡುಗರೂ ಸಿಕ್ಕರು. ಮಿಶಿಗನ್ನಿನಲ್ಲಿ ಹೊಗೆ ತಪಾಸಣೆ ಇಲ್ಲದಿರಬಹುದು, ಅದನ್ನು ಕೀಳುವುದಕ್ಕೆ ಅಮೆರಿಕದ ಕೇಂದ್ರ ಕಾನೂನು ಒಪ್ಪುವುದಿಲ್ಲ. ಅಜ್ಜನೂ ಒಪ್ಪಲಿಲ್ಲ.

ಪೈಪನ್ನೇ ಹೊಸದು ಹಾಕೋಣವೆಂದರೆ ಇಷ್ಟು ಹಳೆಯ ಕಾರಿಗೆ ಕಂಪನಿಯ ಅಸಲು ಪೈಪ್ ಸಿಗುವುದು ಕಷ್ಟ. ಹೀಗಾಗಿ ಇರುವ ಪೈಪಿಗೆ ತೂತು ಬೀಳದಂತೆ ತಗಡನ್ನು ಬಿಡಿಸಬೇಕಿತ್ತು. ತೂತು ಬಿದ್ದರೆ ಸದ್ದಷ್ಟೇ ಆಗುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೇ ಕಾರಿನ ತಳದ ಸಂದುಗಳಿಂದ ಒಳಗೆ ನುಸುಳಿದರೆ ಓಡಿಸುವವನಿಗೆ ತೂಕಡಿಕೆ ಬಂತೆಂದಷ್ಟೇ ಅನ್ನಿಸಬಹುದು. ಓಡಿಸಲಿರುವವನು ಹದಿನೆಂಟರ ಹುಡುಗ.

'ನಾನು ಮಾಡುತ್ತೇನೆ' ಎಂದೆ. ಅಪ್ಪನದು ಕಿಟಕಿ ಗ್ರಿಲ್ ಮತ್ತು ಗೇಟ್ ಮಾಡುವ ವೆಲ್ಡಿಂಗ್ ಶಾಪ್. ಹೈಸ್ಕೂಲಿನ ರಜೆಗಳೆಲ್ಲ ನನಗೆ ಗ್ರೈಂಡರ್ ಹಿಡಿಯುವುದರಲ್ಲೇ ಕಳೆದವು. ಹುಡುಗಿಗೆ ಇದೆಲ್ಲ ಯಾಕೆ ಎಂದ ಗಿರಾಕಿಗಳಿಗೆ ಅಪ್ಪ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ, ಇನ್ನೊಂದು ಗ್ರಿಲ್ ತಂದು ನನ್ನ ಮುಂದೆ ಇಡುತ್ತಿದ್ದರು. ಫೋನಿನಲ್ಲಿ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, 'ಪೆಟ್ರೋಲ್ ಟ್ಯಾಂಕ್ ಎಲ್ಲೈತಿ?' ಹಿಂದೆ ಎಂದೆ. 'ಹಿಂದಿದ್ರೂ ಪೈಪ್ ಮುಂದತನಕ ಬಂದಿರತೈತಿ. ಗಾಡಿ ಅಡಿಗೆ ಕಿಡಿ ಹಾರಿಸಬ್ಯಾಡ. ಬಿಚ್ಚಿ ಹೊರಗ ತಂದು ಮಾಡವಾ.'

ಮೊದಲ ಶನಿವಾರ ಇಡೀ ದಿನ ಬಿಚ್ಚುವುದಕ್ಕೇ ಹೋಯಿತು. ಜಾಕಿ ಏರಿಸಿ, ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಅಡಿಗೆ ಹೋಗಿದ್ದು. ಜಾಕಿಯೊಂದನ್ನೇ ನಂಬಿ ಕಾರಿನಡಿ ಮಲಗುವವರನ್ನು ಊರಲ್ಲೂ ನೋಡಿದ್ದೇನೆ, ಇಲ್ಲೂ ನೋಡಿದ್ದೇನೆ. ದಯವಿಟ್ಟು ಬೇಡ. ಜೋಡಣೆಯ ನಟ್‌ಗಳಿಗೆ ಬುಧವಾರದಿಂದಲೇ ದಿನಾ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆವು. ಮೂರು ಬಂದವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಬಲ ಹಾಕಿದರೆ ಬೋಲ್ಟೇ ಮುರಿಯುವಂತಿತ್ತು. ಅದನ್ನು ನಟ್ ಸೀಳುವ ಸಾಧನದಿಂದ ಸೀಳಿ ತೆಗೆದೆ. ಸಂಜೆ ಪೈಪಿನ ತುಂಡು ಅಜ್ಜನ ಕೆಲಸದ ಮೇಜಿನ ಮೇಲಿತ್ತು. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿಯಿದ್ದ ಕಡೆ ಟಣ್ ಅನ್ನುತ್ತಿತ್ತು, ಸವೆದ ಕಡೆ ಸದ್ದು ಮಂಕು. ಮಂಕಾದ ಕಡೆಗೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು.

ಎರಡನೆಯ ಶನಿವಾರ ಕತ್ತರಿಸುವ ಕೆಲಸ. ಬೆಸುಗೆಯ ಮೇಲೇ ಕಟಿಂಗ್ ವೀಲ್ ಇಟ್ಟರೆ ಅದು ಎಲ್ಲಿ ಮುಗಿದು ಪೈಪ್ ಎಲ್ಲಿ ಶುರುವಾಯಿತು ಎಂದು ಕೈಗೆ ಗೊತ್ತಾಗುವಷ್ಟರಲ್ಲಿ ತೂತು ಬಿದ್ದಿರುತ್ತದೆ. ಅದಕ್ಕೇ ಮೊದಲು ಬೆಸುಗೆಯಿಂದ ಬೆರಳಗಲ ದೂರದಲ್ಲಿ, ತಗಡನ್ನಷ್ಟೇ ಉದ್ದಕ್ಕೆ ಕೊಯ್ದೆ. ಒಂದು ಮಿಲಿಮೀಟರ್ ದಪ್ಪದ ಚಕ್ರ, ಪೈಪಿಗೆ ತಾಗದಂತೆ ಓರೆಯಾಗಿ. ದೊಡ್ಡ ತಗಡು ಎದ್ದು ಬಂತು. ಪೈಪಿಗೆ ಅಂಟಿಕೊಂಡು ಉಳಿದದ್ದು ಎರಡು ಪಟ್ಟಿಗಳು.

ಆ ಪಟ್ಟಿಗಳನ್ನು ಬಿಡಿಸಲು ನಾಲ್ಕು ಗಂಟೆ ಹಿಡಿಯಿತು. ಪಾಲಿಶ್‌ಗೆ ಬಳಸುವ ಫ್ಲ್ಯಾಪ್ ಡಿಸ್ಕಿನಿಂದ ಬೆಸುಗೆಯನ್ನು ಮೆಲ್ಲಗೆ ಸವೆಸುತ್ತಾ ಹೋದರೆ ಒಂದು ಹಂತದಲ್ಲಿ ತಗಡು ಮತ್ತು ಪೈಪಿನ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣಿಸುತ್ತದೆ. ಅಲ್ಲಿಗೆ ಗ್ರೈಂಡರ್ ನಿಲ್ಲಿಸಬೇಕು. ಆಮೇಲೆ ಉಳಿಯ ಕೆಲಸ. ಗೆರೆಯೊಳಗೆ ಉಳಿಯ ಮೊನೆ ಇಟ್ಟು ಎರಡು ಏಟು ಕೊಟ್ಟರೆ ಪಟ್ಟಿ ಹಲಸಿನ ತೊಳೆಯಂತೆ ಬಿಟ್ಟುಕೊಳ್ಳುತ್ತದೆ. ಲೋಹ ನೀಲಿಗೆ ತಿರುಗಿದರೆ ಕೈ ಹೆಚ್ಚು ಹೊತ್ತು ಒಂದೇ ಕಡೆ ನಿಂತಿದೆ ಎಂದು ತಿಳಿದು ಆರಲು ಬಿಡುತ್ತಿದ್ದೆ. ಬೆಸುಗೆ ಆಳಕ್ಕಿಳಿದಿದ್ದ ಕಡೆ ಪೈಪನ್ನು ನುಣುಪು ಮಾಡಲು ಹೋಗಲಿಲ್ಲ. ಸಣ್ಣ ಉಬ್ಬು ಉಳಿದರೆ ಉಳಿಯಲಿ, ಕಾರಿನಡಿ ಯಾರು ನೋಡುತ್ತಾರೆ? ಅಜ್ಜನಿಗೆ ಮಾತ್ರ ಆ ಉಬ್ಬುಗಳು ಕೊನೆಯವರೆಗೂ ಸಮಾಧಾನ ಕೊಡಲಿಲ್ಲ.

ಪರೀಕ್ಷೆ ಅವರ ಐಡಿಯಾ. ಪೈಪಿನ ಒಂದು ಬಾಯಿಗೆ ಬಟ್ಟೆ ತುರುಕಿ, ಇನ್ನೊಂದಕ್ಕೆ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ಬಾಯಿ ಜೋಡಿಸಿ, ಮೇಲೆಲ್ಲ ಸೋಪಿನ ನೀರು ಬಳಿದೆವು. ಎರಡು ಕಡೆ ಗುಳ್ಳೆ ಎದ್ದವು. ಎರಡೂ ಸೀಮೆಸುಣ್ಣದ ಗುರುತಿನೊಳಗೇ, ಹಳೇ ಬೆಸುಗೆಯ ಅಂಚಿನಲ್ಲಿ ತುಕ್ಕು ತಿಂದು ಆಗಿದ್ದ ಸೂಜಿತೂತುಗಳು. ಅವರಲ್ಲಿದ್ದ ಸಣ್ಣ ಮಿಗ್ ಮಶೀನಿನಿಂದ ಬೊಟ್ಟಿಟ್ಟ ಹಾಗೆ ಮುಚ್ಚಿ ಮತ್ತೆ ಗಾಳಿ ಬಿಟ್ಟೆವು. ಗುಳ್ಳೆ ಇಲ್ಲ.

ಹೊಸ ಶೀಲ್ಡಿಗೆ ತೆಳು ಸ್ಟೇನ್‌ಲೆಸ್ ತಗಡು ಬಾಗಿಸಿ, ಪೈಪಿನಿಂದ ಹತ್ತು ಮಿಲಿಮೀಟರ್ ದೂರ ನಿಲ್ಲುವಂತೆ ಸಣ್ಣ ಕಾಲುಗಳನ್ನು ಕೊಟ್ಟು, ಸ್ಟೇನ್‌ಲೆಸ್ ಕ್ಲಿಪ್ಪುಗಳಿಂದ ಬಿಗಿದೆವು. ಆ ಗಾಳಿಯ ಸಂದಿನಿಂದಲೇ ಅರ್ಧ ಕೆಲಸ ಆಗುತ್ತದೆ. ಒಂದು ತುದಿಯ ಕಾಲುಗಳಿಗೆ ಉದ್ದನೆಯ ತೂತು ಕೊರೆದದ್ದು ಪೈಪು ಹಿಗ್ಗಿದಾಗ ಜಾರಿಕೊಳ್ಳಲೆಂದು. ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಶಾಖಪಟ್ಟಿ ಅಗ್ಗ, ಕೆಲಸವೂ ಬೇಗ. ಆದರೆ ಅದು ತೇವ ಹಿಡಿದಿಟ್ಟುಕೊಂಡು ಒಳಗಿನ ಉಕ್ಕನ್ನು ಬೇಗ ತಿನ್ನಿಸುತ್ತದೆ ಎಂದು ಬಿಟ್ಟೆವು.

ನಲವತ್ತು ನಿಮಿಷ ಓಡಿಸಿ ಬಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆವು. ಹೊಳೆಯುವ ತಗಡಿನ ಮೇಲೆ ಅದು ಸುಳ್ಳು ಹೇಳುತ್ತದೆ, ಹಾಗಾಗಿ ಮೊದಲೇ ಒಲೆಗೆ ಬಳಿಯುವ ಕಪ್ಪು ಬಣ್ಣದ ಒಂದು ಬೊಟ್ಟು ಇಟ್ಟಿದ್ದೆ. ಶೀಲ್ಡಿನ ಮೇಲೆ 130 ಡಿಗ್ರಿ, ಗೇರ್ ಪಕ್ಕದ ತಳದಲ್ಲಿ 46. ವಾಸನೆ ಇಲ್ಲ, ಗಡಗಡ ಇಲ್ಲ. ಕಾರು ತಣ್ಣಗಾದ ಮೇಲೆ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಯಬೇಕಿತ್ತು, ಮೊದಲ ಕಾವಿಗೆ ಅವು ಸ್ವಲ್ಪ ಸಡಿಲವಾಗುತ್ತವೆ. ಅಜ್ಜ ಸ್ಕ್ರೂಡ್ರೈವರನ್ನು ನನಗೆ ಕೊಡಲಿಲ್ಲ. ಮೊಮ್ಮಗನ ಕೈಗಿಟ್ಟು, ಜಾಕಿ ಮತ್ತು ಸ್ಟ್ಯಾಂಡುಗಳ ಕಡೆ ಬೆರಳು ತೋರಿಸಿ, ಕುರ್ಚಿ ಎಳೆದು ಕುಳಿತರು.