ಹಾರ್ಮೋನಿಯಂ ವಾದ್ಯದ ಸಾಧಾರಣ ಮತ್ತು ಉತ್ತಮ ಶ್ರೇಣಿಗಳು: ಒಂದು ವಿವೇಚನೆ

ಬೆಳಗಾವಿಯ ಜನರು 'ಪೇಟಿ' ಎಂದು ಕರೆಯುವ ಹಾರ್ಮೋನಿಯಂ ವಾದ್ಯವು ಅಂಗಡಿಗಳಲ್ಲಿ ಸ್ಥೂಲವಾಗಿ ಎರಡು ಶ್ರೇಣಿಗಳಲ್ಲಿ ದೊರೆಯುತ್ತದೆ. ಎರಡು ಸಾಲು ರೀಡುಗಳನ್ನೂ ಸ್ಥಿರವಾದ ಮನೆಗಳ ಪಟ್ಟಿಯನ್ನೂ ಹೊಂದಿದ ಪೇಟಿಯು ಸಾಧಾರಣ ಶ್ರೇಣಿಯದು. ಮೂರು ಸಾಲು ರೀಡುಗಳು, ಪಟ್ಟಿಯನ್ನು ಪಕ್ಕಕ್ಕೆ ಸರಿಸುವ 'ಸ್ಕೇಲ್ ಚೇಂಜರ್' ಯಂತ್ರ, ಒಂದು ಮನೆಯನ್ನು ಒತ್ತಿದಾಗ ಅದರ ಮೇಲಿನ ಅಥವಾ ಕೆಳಗಿನ ಸ್ಥಾಯಿಯ ಸ್ವರವನ್ನೂ ನುಡಿಸುವ 'ಕಪ್ಲರ್', ಮೆರುಗಿನ ಮರಗೆಲಸ, ಇವುಗಳನ್ನು ಹೊಂದಿದುದು ಉತ್ತಮ ಶ್ರೇಣಿಯದು. ಎರಡನೆಯದರ ಬೆಲೆ ಮೊದಲನೆಯದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಅನಗೋಳದಂತಹ ಬಡಾವಣೆಯಲ್ಲಿ ಮಗಳನ್ನು ಸಂಗೀತ ಪರೀಕ್ಷೆಗೆ ಕೂರಿಸಬಯಸುವ ಗೃಹಸ್ಥನಿಗಾಗಲಿ, ವರ್ಗಣಿ ಕೂಡಿಸಿ ವಾದ್ಯ ಕೊಳ್ಳುವ ಭಜನಾ ಮಂಡಳಿಗಾಗಲಿ ಈ ಅಂತರವು ಹಲವು ತಿಂಗಳ ಉಳಿತಾಯಕ್ಕೆ ಸಮನಾದುದು. ಆದುದರಿಂದ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ನಿಜವಾಗಿ ದೊರೆಯುವುದೇನೆಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಇತಿಹಾಸದ ವಿದ್ಯಾರ್ಥಿಗೆ ಇಂತಹ ವಿಷಯದಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಶಾಸನ, ಕಡತಗಳಂತೆ ಬಳಕೆಯ ವಸ್ತುವೂ ಇತಿಹಾಸದ ಆಕರವೇ. ಒಂದು ವಾದ್ಯದಲ್ಲಿ ಕಾಣುವ ಪ್ರತಿಯೊಂದು ಅಂಗವೂ ಯಾವುದೋ ಕಾಲದ, ಯಾವುದೋ ಬಗೆಯ ವಾದಕನ ಅಗತ್ಯವನ್ನು ಪೂರೈಸಲು ಬಂದುದಾಗಿರುತ್ತದೆ. ಆ ಅಗತ್ಯ ಯಾರದೆಂಬುದನ್ನು ಅರಿತರೆ ಅದು ನಮ್ಮದೂ ಹೌದೇ ಅಲ್ಲವೇ ಎಂಬುದನ್ನು ನಿರ್ಣಯಿಸುವುದು ಸುಲಭವಾಗುತ್ತದೆ.

1. ವಾದ್ಯದ ರಚನೆ ಮತ್ತು ಹಿನ್ನೆಲೆ

ಹಾರ್ಮೋನಿಯಂನ ಜೀವಾಳವೆಂದರೆ ರೀಡು. ಹಿತ್ತಾಳೆಯ ತಗಡಿನ ಸೀಳಿನ ಮೇಲೆ, ಒಂದು ತುದಿಯನ್ನು ಮಾತ್ರ ಬಿಗಿದು ಕೂರಿಸಿದ ತೆಳ್ಳನೆಯ ಹಿತ್ತಾಳೆಯ ನಾಲಗೆಯೇ ಇದು. ತಿದಿಯಿಂದ ಬಂದ ಗಾಳಿ ಸೀಳಿನಲ್ಲಿ ಹಾಯುವಾಗ ನಾಲಗೆಯು ಕಂಪಿಸಿ ಸ್ವರವನ್ನು ಹೊರಡಿಸುತ್ತದೆ. ನಾಲಗೆಯ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ. ಬುಡದ ಬಳಿ ಉಜ್ಜಿದರೆ ಇಳಿಯುತ್ತದೆ. ಶ್ರುತಿ ಕೂಡಿಸುವ ವಿದ್ಯೆಯೆಲ್ಲವೂ ಈ ಸಣ್ಣ ಕ್ರಿಯೆಯನ್ನು ಅವಲಂಬಿಸಿದೆ.

ಪ್ಯಾರಿಸ್ಸಿನ ಅಲೆಕ್ಸಾಂದ್ರ ದೆಬೇನ್ 1840ರ ದಶಕದ ಆರಂಭದಲ್ಲಿ ಹಕ್ಕು ಪಡೆದ ಹಾರ್ಮೋನಿಯಂ, ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿಯನ್ನು ತುಳಿದು ನುಡಿಸುವ ವಾದ್ಯವಾಗಿತ್ತು. ನೆಲದ ಮೇಲೆ ಕುಳಿತು ಹಾಡುವ ನಮ್ಮ ಪದ್ಧತಿಗೆ ಅನುಗುಣವಾಗಿ ತಿದಿಯನ್ನು ಹಿಂಬದಿಗೆ ತಂದು, ಒಂದು ಕೈಯಿಂದ ಗಾಳಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವ ರೂಪವನ್ನು 19ನೆಯ ಶತಮಾನದ ಕೊನೆಯ ಪಾದದಲ್ಲಿ ರೂಢಿಗೆ ತಂದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಪ್ರಮುಖರು. ಕಾಲಿನಿಂದ ತುಳಿಯುವ ರೂಪವು ಮಾತ್ರ ನಾಟಕ ಕಂಪನಿಗಳಲ್ಲಿ ಬಹುಕಾಲ ಉಳಿದುಕೊಂಡಿತು.

ಬೆಳಗಾವಿ ಸೀಮೆಗೂ ಈ ವಾದ್ಯಕ್ಕೂ ಇರುವ ನಂಟಿಗೆ ರಂಗಭೂಮಿಯೇ ಒಂದು ಮುಖ್ಯ ಕಾರಣ. 1880ರಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದವರು. ಮುಂದೆ ಮರಾಠಿ, ಕನ್ನಡ ಕಂಪನಿಗಳೆರಡಕ್ಕೂ ಪೇಟಿಯು ಅನಿವಾರ್ಯ ಸಂಗಾತಿಯಾಯಿತು. ಕೊಲ್ಲಾಪುರದ ಗೋವಿಂದರಾವ್ ಟೆಂಬೆಯವರು (1881–1955) ಅದನ್ನು ಸ್ವತಂತ್ರ ವಾದನದ ಎತ್ತರಕ್ಕೆ ಏರಿಸಿದರು. ಬೆಳಗಾವಿಯಲ್ಲಿ ಪಂಡಿತ ರಾಮಭಾವು ವಿಜಾಪುರೆಯವರು (1917–2010) ದೀರ್ಘಕಾಲ ಸಂಗೀತ ವಿದ್ಯಾಲಯ ನಡೆಸಿ ಹಲವು ತಲೆಮಾರಿನ ಶಿಷ್ಯರನ್ನು ತಯಾರು ಮಾಡಿದರು. ಈ ನಗರದ ಮನೆಮನೆಗಳಲ್ಲಿ ಪೇಟಿಯ ಬಗೆಗೆ ಇಂದಿಗೂ ಕಾಣುವ ಆದರಕ್ಕೆ ಅವರಂತಹವರ ದುಡಿಮೆಯೂ ಕಾರಣ.

2. ಮೂರನೆಯ ಸಾಲಿನ ರೀಡು

ಪೇಟಿಯಲ್ಲಿ ಸಾಮಾನ್ಯವಾಗಿ ಮೂರೂಕಾಲು ಸ್ಥಾಯಿಯಷ್ಟು, ಎಂದರೆ 39 ಮನೆಗಳಿರುತ್ತವೆ. ಎರಡು ಸಾಲಿನ ಪೇಟಿಯಲ್ಲಿ 78 ರೀಡುಗಳು. ಮೂರು ಸಾಲಿನದರಲ್ಲಿ 117. ಅಂಗಡಿಯವರ ಮಾತಿನಲ್ಲಿ ಮಂದ್ರದ ಸಾಲು 'ಖರ್ಜ'. ಮೇಲಿನವು 'ನರ' ಮತ್ತು 'ಮಾದಿ'. ಮೂರೂ ಒಟ್ಟಿಗೆ ನುಡಿದಾಗ ನಾದವು ತುಂಬಿ ಬರುತ್ತದೆಂಬುದು ನಿಸ್ಸಂಶಯ. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ನಾಟಕದ ತಗಡಿನ ಥಿಯೇಟರಿನ ಕೊನೆಯ ಸಾಲಿನವರೆಗೆ ನಾದವನ್ನು ಮುಟ್ಟಿಸಬೇಕಾಗಿದ್ದ ವಾದಕನಿಗೆ ಈ ಬಲವು ಅವಶ್ಯಕವಾಗಿತ್ತು. ಮನೆಯ ಪಡಸಾಲೆಗೆ ಅದು ಅವಶ್ಯಕವಲ್ಲ. ಭಜನೆಯ ಮಂಟಪದಲ್ಲಿ ಇಂದು ಮೈಕು ಇದ್ದೇ ಇರುತ್ತದೆ.

ಮೂರನೆಯ ಸಾಲು ತನ್ನೊಡನೆ ಎರಡು ಹೊರೆಗಳನ್ನೂ ತರುತ್ತದೆ. ಮೊದಲನೆಯದು, ಹೆಚ್ಚು ರೀಡುಗಳಿಗೆ ಹೆಚ್ಚು ಗಾಳಿ ಬೇಕು. ಎಳೆಯ ಕೈ ತಿದಿಯೊತ್ತಿಯೇ ಬಳಲುತ್ತದೆ. ಎರಡನೆಯದು, ಒಂದೇ ಮನೆಯ ರೀಡುಗಳು ಪರಸ್ಪರ ಕಿಂಚಿತ್ತೂ ಬೇರೆಯಾಗದಂತೆ ಕೂಡಿರಬೇಕು. ಒಂದು ರೀಡು ಸೆಕೆಂಡಿಗೆ 440 ಸಲವೂ ಅದರ ಜೊತೆಯದು 442 ಸಲವೂ ಕಂಪಿಸಿದರೆ, ನಾದವು ಸೆಕೆಂಡಿಗೆ ಎರಡು ಸಲ ಏರಿಳಿದು ನಡುಗುತ್ತದೆ. 117 ರೀಡುಗಳನ್ನು ಹೀಗೆ ಕೂಡಿಸಿಡುವುದು 78ನ್ನು ಕೂಡಿಸಿಡುವುದಕ್ಕಿಂತ ಕಷ್ಟ. ದುರಸ್ತಿಯ ವೆಚ್ಚವೂ ಹೆಚ್ಚು.

ಇದರಿಂದ ವಿದಿತವಾಗುವುದೇನೆಂದರೆ, ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ರೀಡುಗಳ ಸಾಲುಗಳನ್ನಲ್ಲ, ಅವುಗಳ ಗುಣವನ್ನು. ಸೌರಾಷ್ಟ್ರದ ಪಾಲಿತಾಣಾ ರೀಡು ತಯಾರಿಕೆಗೆ ಪ್ರಸಿದ್ಧವಾದ ಊರು. ಹಳೆಯ ಪೇಟಿಗಳಲ್ಲಿ ಪ್ಯಾರಿಸ್ಸಿನ ಹಾಗೂ ಜರ್ಮನಿಯ ರೀಡುಗಳೂ ದೊರೆಯುತ್ತವೆ. ಗಟ್ಟಿ ಹಿತ್ತಾಳೆಯಿಂದ ಮಾಡಿ, ಸೀಳಿಗೆ ಸರಿಯಾಗಿ ಕೂರಿಸಿದ ರೀಡು ಅಲ್ಪ ಗಾಳಿಗೇ ನುಡಿಯುತ್ತದೆ ಮತ್ತು ಕೂಡಿಸಿದ ಸ್ವರದಲ್ಲಿ ಬಹುದಿನ ನಿಲ್ಲುತ್ತದೆ. ಹೆಚ್ಚಿನ ಹಣವನ್ನು ಇಲ್ಲಿ ತೆತ್ತರೆ ಅದು ಸಾರ್ಥಕ.

3. ಸ್ಕೇಲ್ ಚೇಂಜರಿನ ಲಾಭ ಮತ್ತು ನಷ್ಟ

ಬೆಲೆಯ ಅಂತರಕ್ಕೆ ಮುಖ್ಯ ಕಾರಣವಾದ ಅಂಗವೆಂದರೆ ಸ್ಕೇಲ್ ಚೇಂಜರ್. ನಮ್ಮಲ್ಲಿ ಗಾಯಕರು ತಮ್ಮ ಷಡ್ಜವನ್ನು 'ಕಾಳಿ ಒಂದು', 'ಕಾಳಿ ಎರಡು', 'ಪಾಂಢರಿ ಐದು' ಎಂದು ಕಪ್ಪು ಬಿಳಿ ಮನೆಗಳ ಎಣಿಕೆಯಿಂದ ಹೇಳುವುದು ವಾಡಿಕೆ. ಪುರುಷರ ಷಡ್ಜವು ಬಹುಮಟ್ಟಿಗೆ ಕಾಳಿ ಒಂದು ಎರಡರ ಆಸುಪಾಸಿನಲ್ಲಿಯೂ ಸ್ತ್ರೀಯರದು ಕಾಳಿ ನಾಲ್ಕು ಐದರ ಆಸುಪಾಸಿನಲ್ಲಿಯೂ ಇರುತ್ತದೆ. ಸ್ಥಿರವಾದ ಪಟ್ಟಿಯ ಮೇಲೆ ಎಲ್ಲರಿಗೂ ಸಾಥಿ ಮಾಡಬೇಕಾದ ವಾದಕನು ಹನ್ನೆರಡು ಮನೆಗಳಿಂದಲೂ ರಾಗವನ್ನು ನುಡಿಸಲು ಕಲಿಯಬೇಕು. ಸ್ಕೇಲ್ ಚೇಂಜರಿನಲ್ಲಿ ಪಟ್ಟಿಯನ್ನೇ ಪಕ್ಕಕ್ಕೆ ಸರಿಸುವುದರಿಂದ ಬೆರಳುಗಳು ಪರಿಚಿತ ಮನೆಗಳಲ್ಲಿಯೇ ಉಳಿದು, ಕೆಳಗಿನ ರೀಡುಗಳು ಮಾತ್ರ ಬದಲಾಗುತ್ತವೆ. ದಿನಕ್ಕೊಬ್ಬ ಗಾಯಕನೊಡನೆ ಕೂರುವ ಸಾಥಿದಾರನಿಗೂ, ಹಲವು ಕಂಠಗಳ ಶಿಷ್ಯರನ್ನು ಕಲಿಸುವ ಗುರುವಿಗೂ ಇದರಿಂದ ಆಗುವ ಉಪಕಾರ ದೊಡ್ಡದು.

ಆದರೆ ಈ ಸೌಲಭ್ಯಕ್ಕೆ ತೆರುವ ಬೆಲೆ ರೂಪಾಯಿಗಳಲ್ಲಿಯೇ ಮುಗಿಯುವುದಿಲ್ಲ. ಒಂದು ಸ್ಥಾಯಿಯನ್ನು 1200 ಸೆಂಟುಗಳಾಗಿ ಭಾಗಿಸಿದರೆ, ತಂಬೂರಿಯ ನಾದಕ್ಕೆ ಕೂಡುವ ಶುದ್ಧ ಗಾಂಧಾರವು ಷಡ್ಜದಿಂದ ಸುಮಾರು 386 ಸೆಂಟು ದೂರದಲ್ಲಿರುತ್ತದೆ. ಪಾಶ್ಚಾತ್ಯರ ಸಮಭಾಗದ ಪದ್ಧತಿಯಲ್ಲಿ ಕೂಡಿಸಿದ ಪೇಟಿಯಲ್ಲಿ ಅದು 400 ಸೆಂಟಿನಲ್ಲಿದೆ. ಪಂಚಮದಲ್ಲಿ ಈ ವ್ಯತ್ಯಾಸ ಎರಡೇ ಸೆಂಟು, ಗಾಂಧಾರದಲ್ಲಿ 14. ಪಳಗಿದ ಕಿವಿಗೆ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಹಾರ್ಮೋನಿಯಂನ ಮೇಲೆ ವಿದ್ವಾಂಸರು ಹೊರಿಸಿದ ಆರೋಪಗಳಲ್ಲಿ ಇದೂ ಒಂದು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂಗೆ ವಿಧಿಸಿದ ನಿಷೇಧವನ್ನು ಸಡಿಲಿಸಿದುದು 1971ರಲ್ಲಿ.

ಈ ದೋಷಕ್ಕೆ ಒಂದು ಪರಿಹಾರವುಂಟು. ಗಾಯಕನ ಷಡ್ಜ ಒಂದೇ ಆಗಿದ್ದರೆ, ಆ ಷಡ್ಜಕ್ಕೆ ಅನುಸಾರವಾಗಿ ಗಾಂಧಾರವೇ ಮೊದಲಾದ ರೀಡುಗಳನ್ನು ಉಜ್ಜಿ ತಂಬೂರಿಗೆ ಹೊಂದಿಸಬಹುದು. ಈಗ ವಾಚಕರು ಗಮನಿಸಬೇಕು. ಕಾಳಿ ಒಂದಕ್ಕೆ ಹೀಗೆ ಹೊಂದಿಸಿದ ಪೇಟಿಯಲ್ಲಿ ರಿಷಭವು 204 ಸೆಂಟಿನಲ್ಲಿಯೂ ಗಾಂಧಾರವು 386ರಲ್ಲಿಯೂ ಇರುತ್ತವೆ. ಅವುಗಳ ನಡುವಣ ಅಂತರ 182. ಷಡ್ಜವನ್ನು ಕಾಳಿ ಎರಡಕ್ಕೆ ಸರಿಸಿದೊಡನೆ ಹಿಂದಿನ ರಿಷಭವೇ ಷಡ್ಜವಾಗಿ, ಹಿಂದಿನ ಗಾಂಧಾರವೇ ರಿಷಭವಾಗುತ್ತದೆ. ಇರಬೇಕಾದುದು 204, ಇರುವುದು 182. ಕೊರತೆ 22 ಸೆಂಟು. ಹಿಂದೆ 14 ಸೆಂಟಿನ ದೋಷವನ್ನು ತಿದ್ದಲು ಹೊರಟುದು ಇಲ್ಲಿ ಅದಕ್ಕಿಂತ ದೊಡ್ಡ ದೋಷವಾಗುತ್ತದೆ. ಹೀಗಾಗಿ ಷಡ್ಜವನ್ನು ಸರಿಸುವ ವಾದ್ಯವನ್ನು ಸಮಭಾಗದಲ್ಲಿಯೇ ಕೂಡಿಸಬೇಕಾಗುತ್ತದೆ. ಯಾವ ಅಂಗಕ್ಕಾಗಿ ಹೆಚ್ಚಿನ ಹಣ ತೆರುತ್ತೇವೆಯೋ ಅದೇ ಅಂಗವು ಸೂಕ್ಷ್ಮವಾದ ಶ್ರುತಿಶುದ್ಧಿಗೆ ಅಡ್ಡಿಯಾಗುತ್ತದೆ. ಒಂದೇ ಕಂಠಕ್ಕೆ ಬಳಸುವ ವಾದ್ಯದ ಮಟ್ಟಿಗೆ, ಒಳ್ಳೆಯ ರೀಡುಗಳುಳ್ಳ ಸಾಧಾರಣ ಪೇಟಿಯನ್ನು ಆ ಕಂಠಕ್ಕೆ ಹೊಂದಿಸಿಕೊಂಡರೆ ಅದು ದುಬಾರಿಯ ಪೇಟಿಗಿಂತ ಮೇಲಾಗಬಲ್ಲದು.

ಹಣ, ಶಾಸ್ತ್ರಜ್ಞಾನಗಳೆರಡನ್ನೂ ವ್ಯಯಿಸಿ ಈ ತೊಡಕನ್ನು ಬಿಡಿಸಲು ಯತ್ನಿಸಿದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳನ್ನು ಕುರಿತು ನಡೆಸಿದ ಸಂಶೋಧನೆಯ ಆಧಾರದಿಂದ, 20ನೆಯ ಶತಮಾನದ ಎರಡನೆಯ ದಶಕದಲ್ಲಿ 'ಶ್ರುತಿ ಹಾರ್ಮೋನಿಯಂ' ತಯಾರಾಯಿತು. ಅಧಿಕಾರಿ ಕ್ಲೆಮೆಂಟ್ಸರು ಅದರ ಪ್ರತಿಪಾದಕರಾಗಿದ್ದರು. ವಿದ್ವತ್ತಿನ ದೃಷ್ಟಿಯಿಂದ ಗಣ್ಯವಾದ ಈ ವಾದ್ಯವು ಸಾಮಾನ್ಯ ಬಳಕೆಗೆ ಬರಲಿಲ್ಲ. ವಾದಕರು ಹನ್ನೆರಡು ಮನೆಗಳ ಪೇಟಿಯನ್ನೇ ಉಳಿಸಿಕೊಂಡು, ಅದರ ಕೊರತೆಯನ್ನು ತಮ್ಮ ಬೆರಳು, ತಿದಿಗಳ ಹದದಿಂದ ಮುಚ್ಚುವ ದಾರಿಯನ್ನು ಹಿಡಿದರು. ಮೀಂಡು ಪೇಟಿಯಲ್ಲಿಲ್ಲ, ಯಾವ ಶ್ರೇಣಿಯ ಪೇಟಿಯಲ್ಲಿಯೂ ಇಲ್ಲ. ಅದರ ಭಾಸವನ್ನು ಉಂಟುಮಾಡುವುದು ಸಾಧನೆಯೊಂದೇ.

4. ಪರದೇಶದ ಒಂದು ನಿದರ್ಶನ

ಒಂದೇ ವಾದ್ಯವನ್ನು ಶ್ರೇಣಿಗಳಾಗಿ ವಿಂಗಡಿಸಿ ಮಾರುವುದು ನಮ್ಮಲ್ಲಿಯ ವಿಶೇಷವೇನಲ್ಲ. ಅಮೆರಿಕದ ಗಿಬ್ಸನ್ ಸಂಸ್ಥೆಯು 1952ರಲ್ಲಿ ಹೊರತಂದ 'ಲೆಸ್ ಪಾಲ್' ಎಂಬ ಎಲೆಕ್ಟ್ರಿಕ್ ಗಿಟಾರಿಗೆ 1954ರಲ್ಲಿ ಎರಡು ರೂಪಗಳು ಸೇರಿದುವು. 'ಕಸ್ಟಮ್' ಎಂಬುದು ಕಪ್ಪು ಮೆರುಗು, ಚಿನ್ನದ ಬಣ್ಣದ ಲೋಹಭಾಗಗಳುಳ್ಳ ಶ್ರೀಮಂತ ರೂಪ. 'ಜೂನಿಯರ್' ಎಂಬುದು ವಿದ್ಯಾರ್ಥಿಗಳಿಗೆಂದು ಮಾಡಿದ, ಚಪ್ಪಟೆ ಒಡಲಿನ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಒಂದನ್ನೇ ಹೊಂದಿದ ಸರಳ ರೂಪ. ಮುಂದೆ ಆ ವಿದ್ಯಾರ್ಥಿ ಗಿಟಾರನ್ನೇ 'ಮೌಂಟನ್' ತಂಡದ ಲೆಸ್ಲಿ ವೆಸ್ಟರಂತಹ ಹೆಸರಾಂತ ವಾದಕರು ವೇದಿಕೆಗೆ ಆರಿಸಿಕೊಂಡರು. ತಯಾರಕನು ಯಾರಿಗೆಂದು ವಾದ್ಯವನ್ನು ಮಾಡಿದನೋ ಅದೇ ಅದರ ಯೋಗ್ಯತೆಯ ಕೊನೆಯ ಅಳತೆಯಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

5. ನಮ್ಮ ಸೀಮೆಯ ಕೊಳ್ಳುವವರಿಗೆ

ಬೆಳಗಾವಿ, ಅದಕ್ಕಿಂತ ಹೆಚ್ಚಾಗಿ ಖಾನಾಪುರ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆಯಿಂದ ತೊಯ್ದಿರುವ ಪ್ರದೇಶ. ತೇವದಿಂದ ಮರವು ಉಬ್ಬಿ ಮನೆಗಳು ಅಂಟಿಕೊಳ್ಳುತ್ತವೆ. ಸರಿಯುವ ಪಟ್ಟಿ, ಕಪ್ಲರಿನ ತಂತಿಗಳು ಮುಂತಾದ ಚಲಿಸುವ ಭಾಗಗಳು ಹೆಚ್ಚಾದಷ್ಟೂ ಕೆಡುವ ಸ್ಥಾನಗಳೂ ಹೆಚ್ಚು. ಆದುದರಿಂದ ಹದವಾಗಿ ಒಣಗಿಸಿದ ಮರದ, ಸರಳ ರಚನೆಯ ವಾದ್ಯಕ್ಕೆ ಇಲ್ಲಿ ಒಂದು ವಿಶೇಷ ಪ್ರಯೋಜನವಿದೆ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಮೂರು. ತಿದಿಯನ್ನು ತುಂಬಿ, ಯಾವ ಮನೆಯನ್ನೂ ಒತ್ತದೆ ಬಿಟ್ಟು ನೋಡಬೇಕು. ಗಾಳಿ ಬೇಗನೆ ಇಳಿದುಹೋದರೆ ಪೆಟ್ಟಿಗೆಯಲ್ಲಿ ಸೋರಿಕೆಯಿದೆ. ಪ್ರತಿಯೊಂದು ಮನೆಯನ್ನೂ ಅತಿ ಮೆಲ್ಲನೆಯ ಗಾಳಿಯಲ್ಲಿ ಒತ್ತಬೇಕು. ತಡವಾಗಿ ನುಡಿಯುವ ರೀಡು ಸರಿಯಾಗಿ ಕೂತಿಲ್ಲ. ಎರಡು ಸಾಲುಗಳನ್ನು ಒಟ್ಟಿಗೆ ತೆರೆದು ಒಂದೊಂದೇ ಸ್ವರವನ್ನು ನಿಲ್ಲಿಸಿ ಕೇಳಬೇಕು. ನಾದ ನಡುಗಿದರೆ ಶ್ರುತಿ ಕೂಡಿಲ್ಲ. ಮೆರುಗು, ಕೆತ್ತನೆ, ಬಿರಡೆಗಳ ಸಂಖ್ಯೆ, ಇವನ್ನು ಈ ಮೂರೂ ಮುಗಿದ ಮೇಲೆ ನೋಡಿದರೆ ಸಾಕು.

ಇನ್ನು ಯಾರಿಗೆ ಯಾವುದು? ಕಲಿಯಲು ತೊಡಗಿದ ಬಾಲಕ ಬಾಲಕಿಯರಿಗೂ, ಮನೆಯಲ್ಲಿ ಒಂದೇ ಕಂಠಕ್ಕೆ ಬಳಸುವವರಿಗೂ ಒಳ್ಳೆಯ ರೀಡುಗಳುಳ್ಳ ಎರಡು ಸಾಲಿನ ಸ್ಥಿರ ಪಟ್ಟಿಯ ಪೇಟಿಯೇ ಯುಕ್ತ. ಭಜನಾ ಮಂಡಳಿಗೂ ಅದು ಸಾಕು. ಹಾಡುವವರು ಆಗಾಗ ಬದಲಾಗುವುದರಿಂದ ಅದನ್ನು ಸಮಭಾಗದಲ್ಲಿಯೇ ಬಿಡುವುದು ಲೇಸು. ಉಳಿದ ಹಣವು ಮಳೆಗಾಲದ ನಂತರದ ವಾರ್ಷಿಕ ದುರಸ್ತಿಗೆ ಒದಗುತ್ತದೆ. ಸ್ಕೇಲ್ ಚೇಂಜರು ವೃತ್ತಿಯ ಸಾಥಿದಾರನಿಗೆ ಮತ್ತು ಹಲವರಿಗೆ ಕಲಿಸುವ ಶಿಕ್ಷಕನಿಗೆ ಯುಕ್ತ. ಅವರಿಗೆ ಅದು ಆಡಂಬರವಲ್ಲ, ಕಸುಬಿನ ಉಪಕರಣ.

ಸಾರಾಂಶವಿಷ್ಟು: ಸಾಧಾರಣ, ಉತ್ತಮ ಎಂಬ ಹೆಸರುಗಳು ಬೆಲೆಯ ಏಣಿಯ ಮೆಟ್ಟಿಲುಗಳಂತೆ ಕಂಡರೂ, ವಾಸ್ತವದಲ್ಲಿ ಅವು ಎರಡು ಬೇರೆ ಬೇರೆ ಕೆಲಸಗಳಿಗಾಗಿ ಹುಟ್ಟಿದ ರೂಪಗಳು. ತಗಡಿನ ಥಿಯೇಟರಿನ ವಾದಕನ ಅಗತ್ಯವನ್ನೂ, ಊರೂರು ತಿರುಗುವ ಸಾಥಿದಾರನ ಅಗತ್ಯವನ್ನೂ ಅನಗೋಳದ ಪಡಸಾಲೆಯ ಮಗುವಿನ ಮೇಲೆ ಹೇರಿ ಅದಕ್ಕೆ ಹಣ ತೆರುವುದು ಅವಶ್ಯಕವಲ್ಲ. ರೀಡು, ತಿದಿ, ಮರ ಇವು ಮೂರೂ ಚೆನ್ನಾಗಿದ್ದರೆ ವಾದ್ಯವು ತನ್ನ ಕರ್ತವ್ಯವನ್ನು ಮಾಡಿದಂತಾಯಿತು. ಉಳಿದುದು ಗುರುವಿನ ಪಾಠಕ್ಕೂ ಶಿಷ್ಯನ ಅಭ್ಯಾಸಕ್ಕೂ ಸೇರಿದುದು.