ಎರಡು ಛಾಯಾಚಿತ್ರಗಳ ನಡುವೆ ಒಬ್ಬ ಆಟಗಾರ

ಅದು 2010ರ ಅಕ್ಟೋಬರ್ 8ರ ರಾತ್ರಿ. ಬರ್ಲಿನ್ನಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜರ್ಮನಿ ಮತ್ತು ಟರ್ಕಿ ತಂಡಗಳು ಯೂರೊ ಕಪ್ ಅರ್ಹತಾ ಪಂದ್ಯವೊಂದರಲ್ಲಿ ಎದುರಾಗಿದ್ದವು. ಪಂದ್ಯ ಜರ್ಮನಿಯ ನೆಲದಲ್ಲಿ ನಡೆಯುತ್ತಿದ್ದರೂ ಪ್ರೇಕ್ಷಕರ ದೊಡ್ಡ ಪಾಲು ಟರ್ಕಿಯ ಕೆಂಪು ಅಂಗಿ ತೊಟ್ಟಿತ್ತು. ಜರ್ಮನ್ ತಂಡದ ಒಬ್ಬ ಆಟಗಾರನ ಕಾಲಿಗೆ ಚೆಂಡು ಬಂದಾಗಲೆಲ್ಲ ಆ ಕೆಂಪು ಸಮೂಹ ಹೀಯಾಳಿಸಿ ಕೂಗುತ್ತಿತ್ತು. ಆತನ ಹೆಸರು ಮೆಸುಟ್ ಓಜಿಲ್. ಟರ್ಕಿ ಮೂಲದವನಾಗಿಯೂ ಜರ್ಮನಿಯನ್ನು ಆರಿಸಿಕೊಂಡ ಇಪ್ಪತ್ತೊಂದರ ಹರೆಯದ ಯುವಕ. 79ನೇ ನಿಮಿಷದಲ್ಲಿ ಆತ ಗೋಲು ಹೊಡೆದ. ಆದರೆ ಸಂಭ್ರಮಿಸಲಿಲ್ಲ. ಜರ್ಮನಿ 3-0ರಿಂದ ಗೆದ್ದಿತು. ಪಂದ್ಯದ ನಂತರ ಚಾನ್ಸಲರ್ ಏಂಜೆಲಾ ಮರ್ಕೆಲ್ ಆಟಗಾರರ ಕೋಣೆಗೆ ಹೋಗಿ, ಇನ್ನೂ ಅಂಗಿಯನ್ನೂ ತೊಡದಿದ್ದ ಓಜಿಲ್‌ನ ಕೈ ಕುಲುಕಿದರು. ಆ ಛಾಯಾಚಿತ್ರ ಜರ್ಮನಿಯ ಪತ್ರಿಕೆಗಳಲ್ಲೆಲ್ಲ ಮೆರೆಯಿತು.

ಆ ರಾತ್ರಿ ಮರ್ಕೆಲ್ ಅವರೊಂದಿಗೆ ಕುಳಿತು ಪಂದ್ಯ ನೋಡಿದವರು ಆಗಿನ ಟರ್ಕಿ ಪ್ರಧಾನಿ ರಿಸೆಪ್ ತಯ್ಯಿಪ್ ಎರ್ಡೋಗನ್. ಓಜಿಲ್ ಅವರನ್ನು ಮೊದಲ ಬಾರಿ ಭೇಟಿಯಾದದ್ದು ಈ ಪಂದ್ಯದ ನಂತರವೇ. ಎಂಟು ವರ್ಷಗಳ ಬಳಿಕ, 2018ರ ಮೇ ತಿಂಗಳಲ್ಲಿ, ಲಂಡನ್ನಿನಲ್ಲಿ ಇದೇ ಎರ್ಡೋಗನ್ ಅವರ ಪಕ್ಕ ನಿಂತು ಆತ ಇನ್ನೊಂದು ಚಿತ್ರ ತೆಗೆಸಿಕೊಂಡ. ಮೊದಲ ಚಿತ್ರ ಆತನನ್ನು ಒಂದು ದೇಶದ ಮಾದರಿ ಮಗನನ್ನಾಗಿಸಿತ್ತು; ಎರಡನೆಯದು ಆ ದೇಶದ ಅಂಗಿಯನ್ನೇ ಕಳಚಿಸಿತು.

ಆಗ ನಾನು ಓಜಿಲ್‌ನ ಪರವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 'ಉಂಡ ಮನೆಯ ಜಂತೆ ಎಣಿಸಬಾರದು' ಎಂಬ ನಮ್ಮ ಗಾದೆಯನ್ನು ಗೆಳೆಯರ ನಡುವೆ ಹೇಳಿ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಅನ್ನ, ಹೆಸರು, ವಿಶ್ವಕಪ್ ಎಲ್ಲವನ್ನೂ ಕೊಟ್ಟ ದೇಶಕ್ಕೆ ಕೃತಜ್ಞನಾಗಿರುವುದು ಅಷ್ಟೊಂದು ಕಷ್ಟವೇ ಎಂದು ಕೇಳಿದ್ದೆ. ಆ ಮಾತನ್ನು ಈಗ ಮರಳಿ ಯೋಚಿಸುವಂತೆ ಮಾಡಿದ್ದು ನನ್ನ ಮನೆಯದೇ ಒಂದು ಸಂಗತಿ. ಅದನ್ನು ಮುಂದೆ ಹೇಳುತ್ತೇನೆ.

ಓಜಿಲ್ ಹುಟ್ಟಿದ್ದು 1988ರಲ್ಲಿ, ಜರ್ಮನಿಯ ರೂರ್ ಪ್ರಾಂತ್ಯದ ಗೆಲ್ಸೆನ್‌ಕಿರ್ಶೆನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ. ಆತನ ಮನೆತನದ ಮೂಲ ಟರ್ಕಿಯ ಕಪ್ಪು ಸಮುದ್ರದ ಕಡೆಯ ಜೊಂಗುಲ್ಡಾಕ್ ಪ್ರಾಂತ್ಯ. ಅದೂ ಕಲ್ಲಿದ್ದಲಿನ ನಾಡೇ. ಯುದ್ಧಾನಂತರದ ಜರ್ಮನಿಗೆ ದುಡಿಯುವ ಕೈಗಳು ಬೇಕಾಗಿದ್ದವು. 1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಅವರಿಗೆ ಕೊಟ್ಟ ಹೆಸರು 'ಅತಿಥಿ ಕಾರ್ಮಿಕರು'. ಅತಿಥಿ ಎಂದರೆ ಒಂದು ದಿನ ಹೊರಡಬೇಕಾದವನು ಎಂದು ಆ ಹೆಸರಿನಲ್ಲಿಯೇ ಅಡಕವಾಗಿತ್ತು. ಆದರೆ ಬಂದವರು ಮನೆ ಕಟ್ಟಿದರು, ಮಕ್ಕಳನ್ನು ಹೆತ್ತರು, ಅಲ್ಲಿಯೇ ಮುಪ್ಪಾದರು. ಓಜಿಲ್ ಹಾಗೆ ಬಂದ ಕುಟುಂಬದ ಮೂರನೆಯ ತಲೆಮಾರು.

ಆತ ಚೆಂಡಾಟ ಕಲಿತದ್ದು ಸುತ್ತಲೂ ಕಬ್ಬಿಣದ ಬೇಲಿಯಿದ್ದ ಒಂದು ಕಿರಿದಾದ ಅಂಗಳದಲ್ಲಿ. ಊರಿನವರು ಅದನ್ನು 'ಕೋತಿ ಪಂಜರ' ಎಂದು ಕರೆಯುತ್ತಿದ್ದರು. ಇಕ್ಕಟ್ಟಿನಲ್ಲಿ ಚೆಂಡನ್ನು ಕಾಪಾಡಿಕೊಳ್ಳುವುದು, ಬೇರೆಯವರಿಗೆ ಕಾಣದ ಸಂದಿಯನ್ನು ಕಂಡು ಜೊತೆಗಾರನಿಗೆ ಚೆಂಡು ದಾಟಿಸುವುದು ಜೀವನವಿಡೀ ಆತನ ಆಟದ ಗುರುತಾಗಿ ಉಳಿಯಿತು. ಶಾಲ್ಕೆ ಕ್ಲಬ್ಬಿನಿಂದ ವೃತ್ತಿ ಆರಂಭಿಸಿ, 2008ರಲ್ಲಿ ವೆರ್ಡರ್ ಬ್ರೆಮೆನ್ ಸೇರಿ, 2009ರ ಜರ್ಮನ್ ಕಪ್ ಫೈನಲ್‌ನಲ್ಲಿ ಏಕೈಕ ಗೋಲು ಹೊಡೆದು ಗೆಲ್ಲಿಸಿದ. ಅಷ್ಟರಲ್ಲಿ ಯಾವ ದೇಶಕ್ಕೆ ಆಡುವುದು ಎಂಬ ಪ್ರಶ್ನೆ ಎದುರಾಗಿತ್ತು. ಅದೇ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಹುಟ್ಟಿದ ಅಲ್ಟಿನ್‌ಟಾಪ್ ಅವಳಿ ಸೋದರರು ಟರ್ಕಿಯನ್ನು ಆರಿಸಿಕೊಂಡಿದ್ದರು. ಓಜಿಲ್ ಜರ್ಮನಿ ಎಂದ. ಅದಕ್ಕಾಗಿ ಟರ್ಕಿಯ ಪೌರತ್ವವನ್ನು ಬಿಟ್ಟುಕೊಟ್ಟ.

2010ರಲ್ಲಿ ದಕ್ಷಿಣ ಆಫ್ರಿಕದ ವಿಶ್ವಕಪ್‌ಗೆ ಹೋದ ಜರ್ಮನ್ ತಂಡದ 23 ಮಂದಿಯಲ್ಲಿ 11 ಮಂದಿಯ ಬೇರುಗಳು ಹೊರದೇಶಗಳಲ್ಲಿದ್ದವು. ಪೋಲೆಂಡ್, ಟ್ಯುನೀಷಿಯ, ಘಾನಾ, ಬ್ರೆಜಿಲ್, ಟರ್ಕಿ ಹೀಗೆ. ಘಾನಾ ವಿರುದ್ಧದ ಪಂದ್ಯದಲ್ಲಿ ಬೋಟೆಂಗ್ ಸೋದರರಲ್ಲಿ ಒಬ್ಬ ಜರ್ಮನಿಗೆ, ಇನ್ನೊಬ್ಬ ಘಾನಾಕ್ಕೆ ಆಡಿದರು. ಜರ್ಮನಿಯನ್ನು ಗೆಲ್ಲಿಸಿದ ಗೋಲು ಓಜಿಲ್‌ನದು. ಹೊಸ ಜರ್ಮನಿ ಎಂದು ಜಗತ್ತು ಕೊಂಡಾಡಿತು. ಆ ವರ್ಷದ ನವೆಂಬರ್‌ನಲ್ಲಿ ಓಜಿಲ್‌ಗೆ ಒಂದು ಮಾಧ್ಯಮ ಪ್ರಶಸ್ತಿ ಬಂತು. ಅದು ಆಟಕ್ಕೆ ಕೊಟ್ಟದ್ದಲ್ಲ, ಸಮಾಜದಲ್ಲಿ 'ಬೆರೆತದ್ದಕ್ಕೆ' ಕೊಟ್ಟ ಪ್ರಶಸ್ತಿ! ತಾನು ಹುಟ್ಟಿದ ಊರಿನ ಸಮಾಜದಲ್ಲಿ ಬೆರೆತದ್ದಕ್ಕಾಗಿ ಒಬ್ಬ ಬಹುಮಾನ ಪಡೆಯಬೇಕೆಂದರೆ, ಆತನನ್ನು ಅಲ್ಲಿಯವರೆಗೆ ಏನೆಂದು ಭಾವಿಸಲಾಗಿತ್ತು?

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಓಜಿಲ್‌ನ ಕೈ ಕುಲುಕಿದ ಎಂಟೇ ದಿನಗಳಲ್ಲಿ, ಅಕ್ಟೋಬರ್ 16ರಂದು, ಪಾಟ್ಸ್‌ಡಾಮ್‌ನಲ್ಲಿ ತಮ್ಮ ಪಕ್ಷದ ಯುವ ಘಟಕದ ಮುಂದೆ ಮಾತನಾಡಿದ ಮರ್ಕೆಲ್, ಜರ್ಮನಿಯಲ್ಲಿ ಬಹುಸಂಸ್ಕೃತಿಯ ಪ್ರಯೋಗ ಸಂಪೂರ್ಣ ವಿಫಲವಾಗಿದೆ ಎಂದು ಸಾರಿದರು. ಪ್ರಯೋಗ ವಿಫಲ, ಆದರೆ ಮಾದರಿ ಮಾತ್ರ ಸಫಲ. ಒಬ್ಬ ಮನುಷ್ಯನನ್ನು ಪ್ರದರ್ಶನದ ಗೊಂಬೆಯಾಗಿಸುವುದು ಎಂದರೆ ಇದೇ ಅಲ್ಲವೇ?

ಅದಿರಲಿ. ಮುಂದಿನ ವರ್ಷಗಳು ವೈಭವದವು. ರಿಯಲ್ ಮ್ಯಾಡ್ರಿಡ್‌ನೊಂದಿಗೆ 2012ರ ಸ್ಪ್ಯಾನಿಷ್ ಲೀಗ್ ಪ್ರಶಸ್ತಿ, 2013ರಲ್ಲಿ ಲಂಡನ್ನಿನ ಆರ್ಸೆನಲ್‌ಗೆ ಪಯಣ, ಅಲ್ಲಿ ಮೂರು ಎಫ್‌ಎ ಕಪ್‌ಗಳು. 2014ರಲ್ಲಿ ಬ್ರೆಜಿಲ್‌ನಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ಓಜಿಲ್ ತಂಡದ ಆಧಾರಸ್ತಂಭಗಳಲ್ಲಿ ಒಬ್ಬ. ಆದರೂ ಗೊಣಗಾಟ ನಿಂತಿರಲಿಲ್ಲ. ರಾಷ್ಟ್ರಗೀತೆಯ ವೇಳೆ ಆತ ಹಾಡದೆ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾನೆ ಎಂಬುದು ಒಂದು ದೂರು. 2016ರಲ್ಲಿ ಮೆಕ್ಕಾಕ್ಕೆ ಹೋದ ಚಿತ್ರ ಹಾಕಿಕೊಂಡಾಗ ಅಲ್ಲಿನ ಬಲಪಂಥೀಯ ಪಕ್ಷದ ನಾಯಕರಿಂದ ಮತ್ತೊಂದು ದೂರು. ಗೆಲುವಿನ ಸದ್ದಿನಲ್ಲಿ ಇವು ಕೇಳಿಸುತ್ತಿರಲಿಲ್ಲ, ಅಷ್ಟೆ.

ಈಗ ಎರಡನೆಯ ಛಾಯಾಚಿತ್ರಕ್ಕೆ ಬರೋಣ. ಟರ್ಕಿಯ ಅಧ್ಯಕ್ಷೀಯ ಚುನಾವಣೆಗೆ ಆರು ವಾರಗಳಷ್ಟೇ ಉಳಿದಿದ್ದಾಗ ತೆಗೆದ ಆ ಚಿತ್ರವನ್ನು ಹಂಚಿದ್ದು ಎರ್ಡೋಗನ್ ಅವರ ಪಕ್ಷ. 2016ರ ವಿಫಲ ಸೇನಾ ದಂಗೆಯ ನಂತರ ಅವರ ಆಡಳಿತ ಪತ್ರಕರ್ತರನ್ನು, ಅಧ್ಯಾಪಕರನ್ನು, ನ್ಯಾಯಾಧೀಶರನ್ನು ಸಾಲುಸಾಲಾಗಿ ಸೆರೆಗೆ ತಳ್ಳಿತ್ತು. ಹಾಗೆ ಸೆರೆಯಾದವರಲ್ಲಿ ಡೆನಿಜ್ ಯುಜೆಲ್ ಎಂಬ ಪತ್ರಕರ್ತರೂ ಇದ್ದರು. ಅವರೂ ಜರ್ಮನಿಯಲ್ಲಿ ಹುಟ್ಟಿದವರು, ಟರ್ಕಿ ಮೂಲದವರು, ಎರಡೂ ದೇಶಗಳ ಪೌರರು. ಜರ್ಮನ್ ಪತ್ರಿಕೆಯೊಂದಕ್ಕೆ ವರದಿ ಮಾಡುತ್ತಿದ್ದ ಅವರು ಒಂದು ವರ್ಷ ಟರ್ಕಿಯ ಜೈಲಿನಲ್ಲಿದ್ದು ಬಿಡುಗಡೆಯಾದದ್ದು 2018ರ ಫೆಬ್ರುವರಿಯಲ್ಲಿ, ಓಜಿಲ್ ಆ ಚಿತ್ರಕ್ಕೆ ನಿಲ್ಲುವ ಮೂರು ತಿಂಗಳ ಮೊದಲು. ಅಜ್ಜ ಅಜ್ಜಿಯರ ನಾಡಿನ ಅಧ್ಯಕ್ಷ ಪದವಿಗೆ ಗೌರವ ತೋರಿದೆನೇ ಹೊರತು ಅದರಲ್ಲಿ ರಾಜಕೀಯವಿಲ್ಲ ಎಂದು ಓಜಿಲ್ ಆಮೇಲೆ ವಾದಿಸಿದ. ನನಗೆ ಆ ವಾದ ಅಂದೂ ಒಪ್ಪಿಗೆಯಾಗಲಿಲ್ಲ, ಇಂದೂ ಆಗುವುದಿಲ್ಲ. ಚುನಾವಣೆಯ ಹೊಸ್ತಿಲಲ್ಲಿ ಅಭ್ಯರ್ಥಿಯ ಪಕ್ಕ ನಿಂತ ಚಿತ್ರ ಬರೀ ಚಿತ್ರವಲ್ಲ.

ಆದರೆ ಓಜಿಲ್‌ಗೆ ಬಂದ ಉತ್ತರ ಈ ಟೀಕೆಯಷ್ಟೇ ಆಗಿರಲಿಲ್ಲ. ಅದೇ ವರ್ಷದ ಜೂನ್ 27ರಂದು ರಷ್ಯದ ಕಜಾನ್‌ನಲ್ಲಿ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತು ಹಾಲಿ ಚಾಂಪಿಯನ್ ಜರ್ಮನಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ಸೋತದ್ದು ಇಡೀ ತಂಡ. ಬೆರಳು ತಿರುಗಿದ್ದು ಒಬ್ಬನ ಕಡೆಗೆ. ಜುಲೈ 22ರಂದು ಮೂರು ಕಂತುಗಳ ಹೇಳಿಕೆ ನೀಡಿ ಓಜಿಲ್ ರಾಷ್ಟ್ರೀಯ ತಂಡದಿಂದ ನಿವೃತ್ತನಾದ. 92 ಪಂದ್ಯ, 23 ಗೋಲು. ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಎಂಬುದು ಆ ಹೇಳಿಕೆಯ ಸಾರ. ಪೋಲೆಂಡ್‌ನಲ್ಲಿ ಹುಟ್ಟಿದ ಕ್ಲೋಸ ಮತ್ತು ಪೊಡೋಲ್ಸ್ಕಿಯರನ್ನು ಯಾರೂ ಜರ್ಮನ್-ಪೋಲಿಷ್ ಎನ್ನುವುದಿಲ್ಲ, ನನ್ನನ್ನು ಮಾತ್ರ ಜರ್ಮನ್-ಟರ್ಕಿಷ್ ಎನ್ನುವುದೇಕೆ ಎಂದೂ ಆತ ಕೇಳಿದ್ದ. ಈ ಪ್ರಶ್ನೆಗೆ ಸಮರ್ಪಕ ಉತ್ತರವನ್ನು ನಾನಂತೂ ಎಲ್ಲಿಯೂ ಓದಿಲ್ಲ.

ಆಮೇಲಿನ ಕಥೆ ಎರಡೂ ಕಡೆಯವರಿಗೆ ಅನುಕೂಲವಾಗುವಂಥದಲ್ಲ. 2019ರ ಜೂನ್‌ನಲ್ಲಿ ಆತನ ಮದುವೆಗೆ ಎರ್ಡೋಗನ್ ಸಾಕ್ಷಿಯಾದರು. ಅದೇ ಡಿಸೆಂಬರ್‌ನಲ್ಲಿ ಚೀನಾದ ಉಯಿಘರ್ ಮುಸ್ಲಿಮರ ಮೇಲಿನ ದಮನದ ವಿರುದ್ಧ ಆತ ದನಿಯೆತ್ತಿದಾಗ ಚೀನಾದ ಸರ್ಕಾರಿ ದೂರದರ್ಶನ ಆರ್ಸೆನಲ್ ಪಂದ್ಯದ ಪ್ರಸಾರವನ್ನೇ ಕೈಬಿಟ್ಟಿತು. ಅದು ರಾಜಕೀಯದಿಂದ ದೂರವಿರುವ ಸಂಸ್ಥೆ ತನ್ನದೆಂದು ಹೇಳಿ ಆರ್ಸೆನಲ್ ಆತನ ಮಾತಿನಿಂದ ಸರಿದು ನಿಂತಿತು. 2021ರಲ್ಲಿ ಬಾಲ್ಯದ ನೆಚ್ಚಿನ ಕ್ಲಬ್ ಫೆನರ್‌ಬಾಚೆ ಸೇರಿದ ಓಜಿಲ್, 2023ರ ಮಾರ್ಚ್‌ನಲ್ಲಿ ಆಟಕ್ಕೇ ವಿದಾಯ ಹೇಳಿದ. 2025ರ ಫೆಬ್ರುವರಿಯಲ್ಲಿ ಎರ್ಡೋಗನ್ ಅವರ ಪಕ್ಷದ ಕೇಂದ್ರ ಸಮಿತಿಗೆ ಆಯ್ಕೆಯಾದ. 'ನೋಡಿ, ನಾವು ಅಂದದ್ದೇ ನಿಜವಾಯಿತು' ಎಂದು ಟೀಕಾಕಾರರು ಹೇಳಬಹುದು. ಹೊರಗೆ ನೂಕಿದ ಮೇಲೆ ಹೊರಗೇ ಹೋದ ಎಂದು ಇನ್ನೊಬ್ಬರು ಹೇಳಬಹುದು. ಎರಡರಲ್ಲೂ ಅರ್ಧ ಸತ್ಯವಿದೆ.

ಏಕೆಂದರೆ ಲಂಡನ್ನಿನ ಚಿತ್ರದಲ್ಲಿ ಇನ್ನೊಬ್ಬನೂ ಇದ್ದ. ಆತ ಇಲ್ಕಾಯ್ ಗುಂಡೋಗನ್. ಹುಟ್ಟಿದ್ದು ಅದೇ ಗೆಲ್ಸೆನ್‌ಕಿರ್ಶೆನ್‌ನಲ್ಲಿ. ತಾನು ಕೊಟ್ಟ ಅಂಗಿಯ ಮೇಲೆ 'ನನ್ನ ಅಧ್ಯಕ್ಷರಿಗೆ' ಎಂದು ಬರೆದವನೂ ಆತನೇ. ಆತನೂ ಹೀಯಾಳಿಕೆ ಕೇಳಿದ. ಆದರೆ ವಿವರಣೆ ಕೊಟ್ಟ, ತಂಡದಲ್ಲಿ ಉಳಿದ, 2024ರಲ್ಲಿ ಜರ್ಮನಿಯಲ್ಲೇ ನಡೆದ ಯೂರೊ ಕಪ್‌ನಲ್ಲಿ ಜರ್ಮನಿಯ ನಾಯಕನಾದ. ಹಾಗಾದರೆ ದಾರಿ ಮುಚ್ಚಿರಲಿಲ್ಲ. ಕ್ಷಮೆಗೂ ತಿದ್ದುಪಡಿಗೂ ಅವಕಾಶವಿತ್ತು, ಎರಡೂ ಕಡೆಯವರಿಗೆ.

ಈಗ ನನ್ನ ಮನೆಯ ಸಂಗತಿ. ನನ್ನ ಮಗಳು, ಅಳಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಹದಿಮೂರು ವರ್ಷಗಳಾದವು. ಮೊಮ್ಮಗ ಹುಟ್ಟಿದ್ದು ಅಲ್ಲಿಯೇ. ಹನ್ನೊಂದರ ಹುಡುಗ, ಬಡಾವಣೆಯ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ಮನೆಯಲ್ಲಿ ಕನ್ನಡ, ಮೈದಾನದಲ್ಲಿ ಜರ್ಮನ್. ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದಾಗ ಮಗಳು ಪೌರತ್ವದ ಅರ್ಜಿಯ ಮಾತೆತ್ತಿದಳು. ಜರ್ಮನಿ 2024ರ ಜೂನ್‌ನಿಂದ ಉಭಯ ಪೌರತ್ವಕ್ಕೆ ಬಾಗಿಲು ತೆರೆದಿದೆ. ನಮ್ಮ 1955ರ ಪೌರತ್ವ ಕಾಯ್ದೆ ತೆರೆದಿಲ್ಲ. ಅಲ್ಲಿನದನ್ನು ಪಡೆದರೆ ಇಲ್ಲಿನದು ಹೋಗುತ್ತದೆ. ಆಗ ನನ್ನ ಬಾಯಲ್ಲಿ ಬಂದ ಮಾತು ಇದು: 'ತೆಗೆದುಕೊಳ್ಳಿ, ಆದರೆ ಅಲ್ಲಿ ತಲೆ ತಗ್ಗಿಸಿಕೊಂಡು ಇರಿ, ಯಾರ ಕಣ್ಣಿಗೂ ಬೀಳಬೇಡಿ.' ಮಗಳು ಒಂದು ಕ್ಷಣ ಸುಮ್ಮನಿದ್ದು, 'ಅವನು ಅಲ್ಲಿ ನೆಂಟನಲ್ಲ ಅಪ್ಪ, ಹುಟ್ಟಿದ್ದೇ ಅಲ್ಲಿ' ಎಂದಳು.

ಆ ಮಾತಿನಿಂದ ನನ್ನ ಗಾದೆ ಬಿರುಕುಬಿಟ್ಟಿತು. ಉಂಡ ಮನೆಯ ಜಂತೆ ಎಣಿಸಬಾರದು ಎಂಬುದು ಅತಿಥಿಗೆ ಹೇಳುವ ಮಾತು. ಆ ಮನೆಯಲ್ಲೇ ಹುಟ್ಟಿದವನು ಜಂತೆ ಎಣಿಸಿಯೇ ಎಣಿಸುತ್ತಾನೆ. ಸೋರುವ ಮಾಡು ಅವನದೂ ಹೌದು. ಅವನು ತಪ್ಪು ಮಾಡಿದರೆ ಮನೆಯ ಮಗನನ್ನು ಬೈದಂತೆ ಬೈಯಬೇಕು, 'ಎದ್ದು ನಿನ್ನ ಮನೆಗೆ ಹೋಗು' ಎನ್ನುವಂತಿಲ್ಲ. ಓಜಿಲ್‌ನ ಆ ಛಾಯಾಚಿತ್ರ ತಪ್ಪು ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅದು ಒಬ್ಬ ಜರ್ಮನ್ ಪ್ರಜೆ ಮಾಡಿದ ತಪ್ಪು, ಅತಿಥಿಯೊಬ್ಬನ ಕೃತಘ್ನತೆಯಲ್ಲ. ಈ ಎರಡರ ನಡುವಿನ ಅಂತರವೇ ಪೌರತ್ವದ ಅರ್ಥ.

ಇದು ದೂರದ ದೇಶದ ಮಾತೆಂದು ನಾವು ನೆಮ್ಮದಿಯಾಗಿ ಇರುವಂತಿಲ್ಲ. ಆಸ್ಟ್ರೇಲಿಯದಲ್ಲಿ ಹುಟ್ಟಿ ಬೆಂಗಳೂರು ಎಫ್‌ಸಿಗೆ ಆಡಿದ ರಯಾನ್ ವಿಲಿಯಮ್ಸ್, ಮುಂಬೈಯಲ್ಲಿ ಹುಟ್ಟಿದ ತಾಯಿಯ ಮಗ, ಭಾರತಕ್ಕೆ ಆಡುವ ಆಸೆಯಿಂದ 2025ರಲ್ಲಿ ಆಸ್ಟ್ರೇಲಿಯದ ಪೌರತ್ವ ತೊರೆದು ನಮ್ಮದನ್ನು ಪಡೆದ. ನಾವು ಚಪ್ಪಾಳೆ ತಟ್ಟಿದೆವು. ಆತ ಹೊಡೆದ ಗೋಲಿಗೆ ತಟ್ಟುವ ಚಪ್ಪಾಳೆ ಸುಲಭ. ಆತ ಪೆನಾಲ್ಟಿ ತಪ್ಪಿಸಿದ ದಿನ, ಅಥವಾ ನಮಗೆ ಹಿತವಲ್ಲದ ಮಾತೊಂದನ್ನು ಆಡಿದ ದಿನ, ನಮ್ಮ ಬಾಯಲ್ಲಿ ಮೊದಲು ಬರುವ ಪದ ಯಾವುದು?

ಮೊಮ್ಮಗ ಹೊರಡುವ ಮುನ್ನ, ದೊಡ್ಡವನಾದ ಮೇಲೆ ಯಾವ ದೇಶಕ್ಕೆ ಆಡಲಿ ಎಂದು ನನ್ನನ್ನೇ ಕೇಳಿದ. ಮೊದಲು ನಿನ್ನ ಕ್ಲಬ್ಬಿನ ತಂಡದಲ್ಲಿ ಜಾಗ ಗಿಟ್ಟಿಸು ಎಂದು ನಕ್ಕುಬಿಟ್ಟೆ. ಆದರೆ ತಲೆ ತಗ್ಗಿಸು ಎಂದು ಮಾತ್ರ ಹೇಳಲಿಲ್ಲ. ತಲೆ ತಗ್ಗಿಸಿ ಆಡುವವನಿಗೆ ಮೈದಾನ ಕಾಣುವುದಿಲ್ಲ.