ಜಾತ್ರೆಯ ಬಾಣಲೆಯೂ ಮನೆಯ ಒಲೆಯೂ

ಏಪ್ರಿಲ್ 17ರ ಇರುಳು ಪುತ್ತೂರಿನ ಮಹಾಲಿಂಗೇಶ್ವರ ದೇವರ ಬ್ರಹ್ಮರಥಕ್ಕೆ ಕೈಮುಗಿದು, ಜನಪ್ರವಾಹದೊಡನೆ ದೇವರಮಾರು ಗದ್ದೆಯ ಸಂತೆಯತ್ತ ಸಾಗುವವನ ಮೂಗನ್ನು ಎಲ್ಲಕ್ಕಿಂತ ಮೊದಲು ಮುಟ್ಟುವುದು, ಕಾದ ಬಾಣಲೆಗೆ ಸೋಯಾ ಸಾಸು ಬಿದ್ದೊಡನೆ ಏಳುವ, ತುಸು ಹುಳಿಯೂ ತುಸು ಕಮರೂ ಆದ ಹೊಗೆ. ಸುಳ್ಯದ ಜಾತ್ರೆಯಲ್ಲಿಯೂ ಕಡಬದ ಪೇಟೆಯ ಸಂಜೆಯ ಗಾಡಿಯಲ್ಲಿಯೂ ಅದೇ ಹೊಗೆ, ಅದೇ ಸಟ್ಟುಗದ ಟಣತ್ಕಾರ. ಅಲ್ಲಿ ನೂಡಲ್ಸಿನ ತಟ್ಟೆಯನ್ನು ಬರಿದುಮಾಡಿ ಬಂದ ಮಕ್ಕಳು ಮರುವಾರವೇ ಅದನ್ನು ಮನೆಯಲ್ಲಿ ಮಾಡಿಕೊಡೆಂದು ತಾಯಿಯ ಸೆರಗು ಹಿಡಿಯುವರು. ಆಕೆ ಪೊಟ್ಟಣವನ್ನೂ ಸೀಸೆಗಳನ್ನೂ ತರಿಸಿ, ಗಾಡಿಯವನು ಹಾಕಿದುದನ್ನೆಲ್ಲ ಒಂದೂ ಬಿಡದೆ ಹಾಕಿ ಬೇಯಿಸಿದರೂ, ಕಡೆಗೆ ಬಾಣಲೆಯಲ್ಲಿ ಕುಳಿತಿರುವುದು ಕಂದುಬಣ್ಣದ ಮುದ್ದೆ. ನನ್ನ ಮೊದಲ ಪ್ರಯತ್ನವೂ ಇಂತಹ ಮುದ್ದೆಯಲ್ಲಿಯೇ ಪರ್ಯವಸಾನಗೊಂಡಿತೆಂಬುದನ್ನು ಮರೆಮಾಚಲಾರೆ.

ಜಾತ್ರೆಯ ಈ ನೂಡಲ್ಸಿಗೆ ಚೀನೀ ಎಂಬ ಹೆಸರಿದ್ದರೂ ಇದರ ತೊಟ್ಟಿಲು ಕಲ್ಕತ್ತೆ. ಚೀನದಿಂದ ಅಲ್ಲಿಗೆ ವಲಸೆ ಬಂದು ತಾಂಗ್ರಾ ಎಂಬಲ್ಲಿ ಚರ್ಮ ಹದಮಾಡುವ ಉದ್ಯಮವನ್ನು ನಡೆಸಿದ ಹಕ್ಕಾ ಜನರು, ತಮ್ಮ ಅಡುಗೆಗೆ ಇಲ್ಲಿನ ಹಸಿಮೆಣಸನ್ನೂ ಬೆಳ್ಳುಳ್ಳಿಯನ್ನೂ ಧಾರಾಳವಾಗಿ ಬೆರೆಸಿದುದರಿಂದ ಹುಟ್ಟಿದ ರುಚಿಯಿದು. ಹಕ್ಕಾ ನೂಡಲ್ಸ್ ಎಂಬ ನಾಮಧೇಯವೂ ಅವರದೇ. ಇದರ ಸಂಗಾತಿಯಾದ ಮಂಚೂರಿಯನ್ನನ್ನು ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಚೀನೀ ಮೂಲದ ಬಾಣಸಿಗನು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಮಾಂಸದಿಂದ ಮೊದಲು ಮಾಡಿದನೆಂದು ಹೇಳುವರು. ಹೂಕೋಸು ಆ ಬಳಿಕ ಅದರೊಳಗೆ ಬಂದು ಸೇರಿತು.

ಆದರೆ ಹಿಟ್ಟನ್ನು ಎಳೆಯಾಗಿಸುವ ವಿದ್ಯೆ ಬಹು ಪ್ರಾಚೀನವಾದುದು. ಚೀನದ ಲಾಜಿಯಾ ಎಂಬಲ್ಲಿ ಮಣ್ಣಿನಲ್ಲಿ ಹೂತುಹೋಗಿದ್ದ ಬಟ್ಟಲೊಂದರಲ್ಲಿ ಸುಮಾರು 4000 ವರ್ಷಗಳಷ್ಟು ಹಳೆಯ ಎಳೆಗಳು ದೊರೆತುದು 2005ರಲ್ಲಿ ಪ್ರಕಟವಾಯಿತು. ಅವು ನವಣೆ ಬರಗುಗಳಿಂದಾದುವೆಂದು ಶೋಧಕರು ತರ್ಕಿಸಿದರು. ನಮ್ಮಲ್ಲಿಯೂ ಇಮ್ಮಡಿ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ 'ಲೋಕೋಪಕಾರ'ದಲ್ಲಿ ಶ್ಯಾವಿಗೆಯ ವಿಧಾನವೂ ಅದನ್ನು ಒತ್ತುವ ಸಾಧನವೂ ಉಕ್ತವಾಗಿವೆ. ಕುಚ್ಚಲಕ್ಕಿಯನ್ನು ನುಣ್ಣಗೆ ಅರೆದು, ಉಂಡೆಗಟ್ಟಿ ಬೇಯಿಸಿ, ಬಿಸಿಯಾರುವ ಮುನ್ನ ಒರಳಿಗೆ ತುಂಬಿ, ಒಬ್ಬರು ಮಣೆಯ ಮೇಲೆ ಭಾರ ಹಾಕಿದರೆ ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿಯುವ ಸೇಮಿಗೆಯ ಸಂಭ್ರಮವನ್ನು ಬಲ್ಲ ಮನೆಗಳಿಗೆ, ನೂಡಲ್ಸ್ ಎಂಬುದು ದೂರದ ನೆಂಟನೇ ಹೊರತು ಅಪರಿಚಿತನಲ್ಲ.

ನೆಂಟರಾದರೂ ಪ್ರಕೃತಿ ಬೇರೆ. ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಜಾಲವಾಗುವುವು. ಅಕ್ಕಿಯಲ್ಲಿ ಇದು ಇಲ್ಲದಿರುವುದರಿಂದಲೇ ಸೇಮಿಗೆಯ ಹಿಟ್ಟನ್ನು ಮೊದಲು ಬೇಯಿಸಿ, ಪಿಷ್ಟದ ಅಂಟನ್ನೇ ಆಶ್ರಯಿಸಬೇಕಾಗುವುದು. ನಾವು ಹಪ್ಪಳದ ಹಿಟ್ಟಿಗೆ ಹಪ್ಪಳಖಾರವೆಂಬ ಕ್ಷಾರವನ್ನು ಹಾಕುವಂತೆ ಚೀನೀಯರು ಕೆಲವು ಬಗೆಯ ನೂಡಲ್ಸಿಗೆ ಕ್ಷಾರವನ್ನು ಸೇರಿಸುವರು. ಅದರ ಹಳದಿ ಛಾಯೆಗೂ ಪುಟಿಯುವ ಗುಣಕ್ಕೂ ಇದೇ ಕಾರಣ.

ಇನ್ನು ಮುದ್ದೆಯ ರಹಸ್ಯ. ಅದು ಸೀಸೆಗಳಲ್ಲಿಲ್ಲ, ನೀರಿನಲ್ಲಿದೆ. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖವನ್ನು ಹೀರುವುದು. ಎಂದರೆ ನಮ್ಮ ಊರಿನ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದುದರ ಏಳೆಂಟು ಪಟ್ಟು. ತೊಳೆದು ಹೆಚ್ಚಿದ ಎಲೆಕೋಸನ್ನೂ ಬಸಿದು ಆರದ ನೂಡಲ್ಸನ್ನೂ ಒಮ್ಮೆಗೇ ಸುರಿದಾಗ, ಮನೆಯ ಗ್ಯಾಸಿನ ಸಣ್ಣ ಉರಿ ಈ ತೆರಿಗೆಯನ್ನು ತೆರಲಾರದೆ ಸೋಲುವುದು. ನೀರು ಇರುವ ತನಕ ಬಾಣಲೆಯ ತಳ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದು. ಹುರಿದ ಪರಿಮಳವನ್ನು ಕೊಡುವ ಕ್ರಿಯೆಯಾದರೋ, 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬಾತನು ವಿವರಿಸಿದ, ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದುಗಟ್ಟುವ ಕ್ರಿಯೆ; ಅದು ರಭಸದಿಂದ ನಡೆಯಲು ಸುಮಾರು 140 ಡಿಗ್ರಿಯನ್ನು ದಾಟಬೇಕು. ಗಾಡಿಯವನ ಒಲೆಯ ಉರಿ ನಮ್ಮದರ ಹಲವು ಪಟ್ಟು. ಅವನಲ್ಲಿ ನೀರು ಬಿದ್ದ ಕ್ಷಣವೇ ಆವಿ. ನಮ್ಮಲ್ಲಿ ಹುರಿಯುವುದಕ್ಕೆ ಬದಲು ಬೇಯುವುದು.

ಆದುದರಿಂದ ಉರಿಯನ್ನು ಹೆಚ್ಚಿಸಲಾರದವನು ನೀರನ್ನು ತಗ್ಗಿಸಬೇಕು. ಇಬ್ಬರಿಗೆ 150 ಗ್ರಾಂ ನೂಡಲ್ಸನ್ನು ಎರಡು ಲೀಟರು ಉಪ್ಪುನೀರಿನಲ್ಲಿ ಕುದಿಸಿ, ನಡುವಿನಲ್ಲಿ ಎಳ್ಳಷ್ಟು ಗಟ್ಟಿಯಿರುವಾಗಲೇ ಬಸಿದು, ತಣ್ಣೀರು ಹಾಯಿಸಿ, ಒಂದು ಚಮಚ ಎಣ್ಣೆ ಸವರಿ, ಬಾಳೆಲೆಯ ಮೇಲೆ ಅರ್ಧ ಗಂಟೆ ಹರಡಿಡಿರಿ. ತರಕಾರಿಯನ್ನು ಬಟ್ಟೆಯಲ್ಲಿ ಒರಸಿಯೇ ಹೆಚ್ಚಿರಿ. ದಪ್ಪ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದಮೇಲೆ ಎಣ್ಣೆ, ಬೆಳ್ಳುಳ್ಳಿ, ನೀರುಳ್ಳಿ. ಅನಂತರ ಎಲೆಕೋಸು, ಕ್ಯಾರೆಟ್. ಅವನ್ನು ತೆಗೆದಿಟ್ಟು, ಒಬ್ಬರ ಪಾಲಿನಷ್ಟು ನೂಡಲ್ಸನ್ನು ಮಾತ್ರ ಹಾಕಿ ಕದಡದೆ ಅರೆನಿಮಿಷ ಬಿಡಿರಿ. ಸೋಯಾ ಸಾಸನ್ನು ಬಾಣಲೆಯ ಕಾದ ಅಂಚಿಗೆ ಎರೆದರೆ ಆ ಜಾತ್ರೆಯ ವಾಸನೆಯ ಅರ್ಧಭಾಗ ಅಲ್ಲಿಯೇ ಹುಟ್ಟುವುದು. ತರಕಾರಿಯನ್ನು ಮರಳಿ ಕೂಡಿಸಿ, ವಿನೆಗರನ್ನೂ ಕಾಳುಮೆಣಸಿನ ಪುಡಿಯನ್ನೂ ಕಡೆಗೆ ಹಾಕುವುದು.

ಗಾಡಿಯ ಟೇಸ್ಟಿಂಗ್ ಪೌಡರಿನ ವಿಷಯದಲ್ಲಿ ನನಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. 1908ರಲ್ಲಿ ಜಪಾನಿನ ಇಕೆದಾ ಎಂಬ ರಸಾಯನವಿಜ್ಞಾನಿಯು ಕಡಲಪಾಚಿಯ ಸಾರಿನಲ್ಲಿ ಗುರುತಿಸಿದ ಗ್ಲುಟಮೇಟಿನ ಲವಣವದು. ಸೋಯಾ ಸಾಸಿನಲ್ಲಿ ಗ್ಲುಟಮೇಟು ಸಹಜವಾಗಿಯೇ ಇರುವುದರಿಂದ ಮನೆಯಲ್ಲಿ ಬೇರೆ ಬೇಕಿಲ್ಲ. ಕೆಂಪು ಬಣ್ಣದ ಮಾತೇ ಬೇರೆ: ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ಕರ್ನಾಟಕ ಸರಕಾರವು 2024ರ ಮಾರ್ಚಿನಲ್ಲಿ ನಿಷೇಧಿಸಿತು, ಅದನ್ನು ಅನುಕರಿಸುವ ಆವಶ್ಯಕತೆ ಯಾರಿಗೂ ಇಲ್ಲ.

ತೋಟದ ಮನೆಯವರಿಗೆ ಪೇಟೆಯವರಿಗಿಲ್ಲದ ಸೌಭಾಗ್ಯವೊಂದುಂಟು. ಹಿತ್ತಿಲ ಒಲೆಗೆ ಒಣಗಿದ ಗೆರಟೆಗಳನ್ನು ತುಂಬಿ ಹೊತ್ತಿಸಿದಾಗ ಬಾಣಲೆಯನ್ನು ಸುತ್ತುವರಿದು ಏಳುವ ಜ್ವಾಲೆಯ ಮುಂದೆ ಗ್ಯಾಸಿನ ನೀಲಿ ಉರಿ ದೀಪದಂತೆ ತೋರುವುದು; ನನ್ನ ಮುದ್ದೆಯು ಎಳೆಎಳೆಯಾಗಿ ಬಿಡಿಸಿಕೊಂಡುದು ಆ ಒಲೆಯ ಮೇಲೆಯೇ. ಅದೇ ಉರಿಯಲ್ಲಿ ಸೇಮಿಗೆಯನ್ನೂ ಹುರಿದು ನೋಡಿದೆ. ಅದು ಜಾತ್ರೆಯ ನೂಡಲ್ಸಿಗಿಂತ ಮೃದು, ಬೇಗ ತುಂಡಾಗುವುದು, ಆದರೂ ಅದಕ್ಕೆ ಅದರದೇ ಆದ ರುಚಿ. ಬೆಂದ ಅಕ್ಕಿಯ ಪಿಷ್ಟವು ತಣಿದಂತೆ ಮತ್ತೆ ಬಿಗಿಗೊಳ್ಳುವುದರಿಂದ, ಹುರಿಯುವುದಾದರೆ ಹಿಂದಿನ ದಿನ ಉಳಿದುದನ್ನೇ ತೆಗೆದುಕೊಳ್ಳಿರಿ. ಆಗತಾನೇ ಒತ್ತಿದ ಬಿಸಿ ಸೇಮಿಗೆಯಾದರೆ, ಸೋಯಾ ಸಾಸಿನ ಸೀಸೆಯನ್ನು ಬದಿಗಿಟ್ಟು ಕಾಯಿಹಾಲಿನೊಡನೆ ಉಂಡುಬಿಡಿರಿ.